ಗೋಲಿನ ಮುಂದೆ ಸೋದರಮಾವ

ಗೆಳೆಯರೇ, ಇವತ್ತು ಜಮಖಂಡಿಯ ಹಾಕಿ ಸೆಮಿಫೈನಲ್‌ನಲ್ಲಿ ನಮ್ಮ ಕಾಲೇಜು ರಬಕವಿ ನೇಕಾರರ ತಂಡಕ್ಕೆ ಸೋತಿತು. ಗೆಲ್ಲುವವರು ನಾವೇ ಎಂದು ಊರೆಲ್ಲ ಹೇಳಿತ್ತು. ನಾವಂತೂ ಇನ್ನೂ ಜೋರಾಗಿ ಹೇಳಿದ್ದೆವು.

ಕಡೆಯ ಗಳಿಗೆ, ಇಬ್ಬರದೂ ಸೊನ್ನೆ. ನಮ್ಮ ಕ್ಯಾಪ್ಟನ್ ವಸಂತ ಚೆಂಡಿನೊಡನೆ ನುಗ್ಗಿದ. ಎದುರಿಗೆ ಧೋತರ ಎತ್ತಿ ಕಟ್ಟಿದ ಅವರ ಗೋಲ್‌ಕೀಪರ್, ಅಂದರೆ ವಸಂತನಿಗೆ ಮಗಳನ್ನು ಕೊಡಲೋ ಬೇಡವೋ ಎಂದು ವರ್ಷದಿಂದ ತೂಗುತ್ತಿರುವ ಸೋದರಮಾವ. ವಸಂತನ ಕಾಲು ಮಾವನಿಗೆ ತಾಗಿತು. ತಕ್ಷಣ ಸ್ಟಿಕ್ಕು ಕೆಳಗಿಟ್ಟು, ಬಗ್ಗಿ ನಮಸ್ಕಾರ ಮಾಡಿದ. ಮಾವ ಒಂದು ಕೈಯಿಂದ ಆಶೀರ್ವದಿಸಿ, ಇನ್ನೊಂದು ಕೈಯ ಸ್ಟಿಕ್ಕಿನಿಂದ ಚೆಂಡನ್ನು ತಮ್ಮವರಿಗೆ ಅಟ್ಟಿದರು. ನಾವೆಲ್ಲ ನಮಸ್ಕಾರ ನೋಡುತ್ತ ನಿಂತಿದ್ದಾಗ ರಬಕವಿಯವರು ಗೋಲು ಹೊಡೆದರು.

“ನಮಸ್ಕಾರ ಆಮ್ಯಾಲೆ ಮಾಡಾಕ ಬರತಿರಲಿಲ್ಲೇನಲೇ?” ಎಂದು ವಸಂತನನ್ನು ಕೇಳಿದೆ.

“ಮಾವಗ ಕಾಲು ತಾಗಿತ್ತಲೇ. ಹಂಗ ಹೆಂಗ ಬಿಡಲಿ?”

ಜಮಖಂಡಿಯಂಥ ನಮ್ಮ ಕಡೆಯ ರಾಜರ ಸಂಸ್ಥಾನಗಳೆಲ್ಲ ಮೊನ್ನೆ ಮುಂಬಯಿ ರಾಜ್ಯದಲ್ಲಿ ವಿಲೀನವಾದವು. ಸೋದರಮಾವಂದಿರ ಸಂಸ್ಥಾನ ಇನ್ನೂ ಆಗಿಲ್ಲ.

ಅಷ್ಟರಲ್ಲಿ ಮಾವನೇ ಬಂದು, “ಛಲೋ ಹುಡುಗ ಅದೀಪಾ. ಮಗಳನ್ನ ನಿನಗs ಕೊಡ್ತೇನಿ, ಮಾತು ಮುಗೀತು” ಎಂದರು.

ರಬಕವಿಯವರು ಫೈನಲ್ಲಿಗೆ ಹೋದರು, ವಸಂತ ಮಾವನ ಮನೆಗೆ ಊಟಕ್ಕೆ ಹೋದ. ಉಳಿದ ಹತ್ತು ಮಂದಿ ಬಸ್ ಸ್ಟ್ಯಾಂಡಿನಲ್ಲಿದ್ದೇವೆ.