ಮಾತೆಯನ್ನು ಕರೆಯಲು ಯಾರು ಬರಬೇಕು?

ದಹಿಸರ್‌ನ ಚರ್ಚಿಗೆ, ಮುಂಬೈಗೆ ಬಂದ ಮೊದಲ ಭಾನುವಾರ, ಹೋದಾಗ ನಾನೂ ನಮ್ಮ ಅತ್ತೆಯೂ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಪೂಜೆ ಮುಗಿಸಿ ಬಂದರೆ ಚಪ್ಪಲಿ ಇಲ್ಲ. ಕಳ್ಳತನವೇ ಆಯಿತು ಅಂದುಕೊಂಡು ವಾಚ್‌ಮನ್‌ನನ್ನು ಹಿಡಿದು ನನ್ನ ಹರಕು ಹಿಂದಿಯಲ್ಲಿ ಜಗಳ ತೆಗೆದೆ. ಆತ ತಣ್ಣಗೆ ಕೈ ತೋರಿಸಿದ. ಯಾರೋ ಬೇಡವೆಂದು ಬಿಟ್ಟು ಹೋಗಿದ್ದಾರೆ ಅಂದುಕೊಂಡು ಗುಡಿಸುವಾಕೆ ನಮ್ಮ ಎರಡೂ ಜೊತೆಗಳನ್ನು ಕಸದ ಡಬ್ಬಿಯ ಪಕ್ಕ ಇಟ್ಟಿದ್ದಳು. ಒಳಗಿದ್ದ ಅಷ್ಟೂ ಮಂದಿ ಬೂಟು, ಸ್ಯಾಂಡಲ್ ಹಾಕಿಕೊಂಡೇ ಬೆಂಚಿನ ಮೇಲೆ ಕೂತಿದ್ದರು ಅನ್ನುವುದು ನನಗೆ ಆಮೇಲೆ ಹೊಳೆಯಿತು. ಪೂಜೆಯ ಉದ್ದಕ್ಕೂ ನನ್ನ ಕಣ್ಣು ಪೀಠದ ಮೇಲಿತ್ತು ಅಂತ ಹೇಳಿಕೊಳ್ಳಬಹುದಿತ್ತು, ಆದರೆ ಸುಳ್ಳಾದೀತು. ನಾನು ಹೆಂಗಸರ ಫ್ರಾಕುಗಳನ್ನು ನೋಡುತ್ತಿದ್ದೆ.

"ದೇವರ ಮುಂದ ಮಂದಿ ಚಪ್ಪಲಿ ಹಾಕ್ಕೊಂಡ ಕುಂತಾರ, ನಮ್ಮ ಚಪ್ಪಲಿ ಕಸದಾಗ ಕುಂತಾವ" ಅಂದರು ಅತ್ತೆ.

ನಾವು ಗದಗದ ಕಡೆಯ ಒಂದು ಸಣ್ಣ ಊರಿನ ಕನ್ನಡ ಕ್ರೈಸ್ತರು. ಈ ಒಂದು ವಾಕ್ಯವನ್ನು ಮುಂಬೈಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಚರ್ಚಿನಲ್ಲಿ ಕನ್ನಡದವರು ಅಂದರೆ "ಹೋಟೆಲಾ?" ಎಂದು ಕೇಳುತ್ತಾರೆ. ಕನ್ನಡದವರ ಹತ್ತಿರ ಚರ್ಚು ಅಂದರೆ "ಓ, ಮಂಗಳೂರು, ಕೊಂಕಣಿ" ಎಂದು ತಾವೇ ತೀರ್ಮಾನ ಮಾಡುತ್ತಾರೆ. ಕನ್ನಡ ಬೇಕಿದ್ದರೆ ಮಾಟುಂಗಕ್ಕೆ ಹೋಗಿ ಅಂತ ಯಾರೋ ಹೇಳಿದರೆಂದು ಒಂದು ಭಾನುವಾರ ಲೋಕಲ್ ಹತ್ತಿ ಅತ್ತೆಯನ್ನು ಕರೆದುಕೊಂಡು ಹೋದೆ. ಅಲ್ಲಿ ಕನ್ನಡ ಧಾರಾಳವಾಗಿ ಸಿಕ್ಕಿತು, ಇಡ್ಲಿಯೂ ಸಿಕ್ಕಿತು, ಮಲ್ಲಿಗೆಯೂ ಸಿಕ್ಕಿತು. ಜಪಸರ ಹಿಡಿದ ಮುದುಕಿಯೊಬ್ಬಳು ಕನ್ನಡದಲ್ಲಿ 'ನಮೋ ಮರಿಯಾ' ಅನ್ನುವ ಜಾಗ ಮಾತ್ರ ಸಿಗಲಿಲ್ಲ. ಅತ್ತೆ ಇಡ್ಲಿ ತಿಂದು, ಚಲೋ ಐತಿ ಅಂದು, ಮನೆಗೆ ಹೋಗೋಣ ಅಂದರು.

ಅತ್ತೆಯ ಹೆಸರು ಅನ್ನಮ್ಮ. ನಮ್ಮ ಮಾವ ಊರಿನ ಗುಡಿಯಲ್ಲಿ ಉಪದೇಶಿಯಾಗಿದ್ದರು. ನಾವು ಚರ್ಚಿಗೂ ಗುಡಿ ಅಂತಲೇ ಅನ್ನುವುದು. ಸ್ವಾಮಿಗಳು, ಅಂದರೆ ಪಾದ್ರಿ, ತಿಂಗಳಿಗೆ ಒಂದೆರಡು ಸಲ ಬಂದು ಪೂಜೆ ಮಾಡಿ ಹೋದರೆ ಉಳಿದ ದಿನವೆಲ್ಲ ಪ್ರಾರ್ಥನೆ ಮಾಡಿಸುವವರು, ಮಕ್ಕಳಿಗೆ ಹೇಳಿಕೊಡುವವರು, ಸತ್ತವರ ಮನೆಗೆ ಮೊದಲು ಹೋಗುವವರು ಉಪದೇಶಿ. ಮಾವ ಜ್ವರ ಬಂದು ಮಲಗಿದ ದಿನ ಅತ್ತೆಯೇ ನಿಂತು ಇಡೀ ಊರಿಗೆ ಜಪಸರ ಹೇಳಿಸಿದ್ದುಂಟು. ಹೋದ ವರ್ಷ ಮಾವ ತೀರಿಕೊಂಡರು. ಉಪದೇಶಿಯ ಮನೆ ಮಿಷನ್ನಿನದು, ಹೊಸ ಉಪದೇಶಿಗೆ ಬಿಟ್ಟುಕೊಡಬೇಕಾಯಿತು. ಹಾಗೆ ಅತ್ತೆ ನಮ್ಮ ಜೊತೆ ದಹಿಸರ್‌ಗೆ ಬಂದರು. ನನ್ನ ಗಂಡನಿಗೆ ಆಗಷ್ಟೇ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತ್ತು. ಒಂದು ರೂಮು, ಒಂದು ಅಡುಗೆಮನೆ, ಬೆಳಿಗ್ಗೆ ಒಂದು ತಾಸು ನೀರು.

ಊರಿಗೆಲ್ಲ ಪ್ರಾರ್ಥನೆ ಹೇಳಿಸಿದ ಹೆಂಗಸು ಇಲ್ಲಿ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಎದುರಿನ ಬಿಲ್ಡಿಂಗಿನ ಬಟ್ಟೆ ಒಣಗುವುದನ್ನು ನೋಡುತ್ತ ಕೂತರು. ಇಂಗ್ಲಿಷ್ ಪೂಜೆ ಅರ್ಥವಾಗುವುದಿಲ್ಲ ಎಂದು ಎರಡೇ ತಿಂಗಳಲ್ಲಿ ಚರ್ಚಿಗೆ ಬರುವುದನ್ನೂ ಬಿಟ್ಟರು. ಗದಗದಲ್ಲಿರುವ ಮಗಳ ಮನೆಗೆ ಹೋಗಿಬಿಡುತ್ತೇನೆ ಅನ್ನತೊಡಗಿದರು. ನಾದಿನಿಯ ಮನೆಯಲ್ಲಿ ಅವಳ ಅತ್ತೆ ಮಾವ ಇದ್ದಾರೆ, ಜಾಗವಿಲ್ಲ ಅನ್ನುವುದು ಇವರಿಗೂ ಗೊತ್ತು. ಆದರೂ ಹೋಗುವುದೇ ಮಾತು. ನನಗೆ ಅವರು ಹೋಗುವುದು ಬೇಡವಾಗಿತ್ತು. ನನ್ನ ತಾಯಿ ನಾನು ಚಿಕ್ಕವಳಿರುವಾಗಲೇ ಹೋದವಳು. ರೊಟ್ಟಿ ಬಡಿಯುವುದರಿಂದ ಹಿಡಿದು ಸಂಸಾರ ತೂಗಿಸುವುದರ ತನಕ ಹೇಳಿಕೊಟ್ಟವರು ಈ ಅತ್ತೆ. ಈ ಊರಿನಲ್ಲಿ ಅವರೂ ಇಲ್ಲದಿದ್ದರೆ ನಾನು ಯಾರ ಜೊತೆ ಜಗಳವಾಡಲಿ?

ಇಲ್ಲಿಯ ಚರ್ಚಿನ ಪದ್ಧತಿಯೇ ಬೇರೆ. ಮೂವತ್ತು ನಲವತ್ತು ಮನೆ ಸೇರಿಸಿ ಒಂದು ಕಮ್ಯುನಿಟಿ ಅಂತ ಮಾಡಿರುತ್ತಾರೆ. ನಮ್ಮದಕ್ಕೆ ಮುಂದಾಳು ಮಂಗಳೂರಿನ ಫಿಲೋಮಿನಾ ಆಂಟಿ. ನಮ್ಮೂರಲ್ಲಿ ಉಪದೇಶಿ ಹೇಳಿದ್ದು ಆಯಿತು, ನಾವು ಮಾಡಿದ್ದು ಆಯಿತು. ಇಲ್ಲಿ ಹೇಳುವವರು ಅಂತ ಯಾರೂ ಇಲ್ಲ, ಎಲ್ಲರಿಗೂ ಒಂದೊಂದು ಕೆಲಸ ಇದೆ. ಬ್ಯಾಂಕಿನ ಮ್ಯಾನೇಜರ್ ಕುರ್ಚಿ ಹೊರುತ್ತಾರೆ, ಡಾಕ್ಟರಮ್ಮ ಪಾತ್ರೆ ತೊಳೆಯುತ್ತಾರೆ, ಚರ್ಚಿನ ಹಬ್ಬದ ಊಟಕ್ಕೆ ಫಾದರ್ ತಾವೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಮೊದಮೊದಲು ನನಗೆ ಇದು ಶಿಸ್ತಿಲ್ಲದ ಸಂತೆಯಂತೆ ಕಂಡಿತು. ಆಮೇಲೆ ನೋಡಿದರೆ ಕೆಲಸವೆಲ್ಲ ಹೊತ್ತಿಗೆ ಸರಿಯಾಗಿ ಆಗಿರುತ್ತಿತ್ತು. ವಾಟ್ಸಾಪಿನಲ್ಲಿ ಒಂದು ಲಿಸ್ಟ್ ಬರುತ್ತದೆ, ಅಷ್ಟೇ. ನನ್ನ ಪಾಲಿಗೆ ಚಾಪೆ ಬಂತು. ಪ್ರಾರ್ಥನೆ ಯಾವ ಮನೆಯಲ್ಲಿದ್ದರೂ ಆರು ಚಾಪೆ ತಲುಪಿಸುವುದು ನಾನು.

ಅಕ್ಟೋಬರ್ ಬಂತು. ಅದು ಜಪಸರದ ತಿಂಗಳು. ಮಾತೆಯ ಸ್ವರೂಪ, ಅಂದರೆ ಮರಿಯಮ್ಮನವರ ಪ್ರತಿಮೆ, ದಿನಕ್ಕೊಂದು ಮನೆಗೆ ಹೋಗುತ್ತದೆ. ಸಂಜೆ ಏಳಕ್ಕೆ ಅಕ್ಕಪಕ್ಕದವರೆಲ್ಲ ಆ ಮನೆಯಲ್ಲಿ ಸೇರಿ ಜಪಸರ ಹೇಳುತ್ತಾರೆ. ಲಿಸ್ಟಿನಲ್ಲಿ ಮೊದಲ ಮನೆ ನಮ್ಮದು, ಮಂಗಳವಾರ ಫಿಲೋಮಿನಾ ಆಂಟಿಯೇ ಚರ್ಚಿನಿಂದ ಸ್ವರೂಪ ತಂದುಕೊಟ್ಟರು. ಮಾರನೆಯ ದಿನ ಪಕ್ಕದ ಬಿಲ್ಡಿಂಗಿನ ಓಲ್ಗಾ ಆಂಟಿಯ ಮನೆಗೆ. ಓಲ್ಗಾ ಆಂಟಿ ಈಸ್ಟ್ ಇಂಡಿಯನ್. ಹಾಗಂದರೆ ಬಂಗಾಳದವರು ಅಂದುಕೊಂಡಿದ್ದೆ. ಅಲ್ಲ, ಮುಂಬೈಯ ಮೂಲ ಕ್ರೈಸ್ತರಿಗೆ ಆ ಹೆಸರು, ಮನೆಮಾತು ಮರಾಠಿ.

ಮಂಗಳವಾರ ಅತ್ತೆ ಬೇರೆಯೇ ಮನುಷ್ಯರಾಗಿದ್ದರು. ನೆಲ ಒರೆಸಿದರು, ಮಾವನ ಕಾಲದ ಬಿಳಿ ಬಟ್ಟೆ ತೆಗೆದು ಮೇಜಿಗೆ ಹಾಸಿದರು, ತಲೆಯ ಮೇಲೆ ಸೆರಗು ಹೊದ್ದು ಎದುರಿಗೇ ಕೂತರು. ಇಪ್ಪತ್ತೈದು ಮಂದಿ ಬಂದರು, ಕೆಲವರು ಮೆಟ್ಟಿಲ ಮೇಲೆ ಕೂತರು. ಪ್ರಾರ್ಥನೆ ಪೂರಾ ಇಂಗ್ಲಿಷಿನಲ್ಲಿ ನಡೆಯಿತು. ಮನೆಯವರು ಒಂದು ದಶಕ ಹೇಳಬೇಕು ಅಂದಾಗ, ಅಂದರೆ ಹತ್ತು ಮಣಿಯ ಒಂದು ಸುತ್ತು, ನಾನು ಕಾಗದ ನೋಡಿಕೊಂಡು ಇಂಗ್ಲಿಷಿನಲ್ಲಿ ಎಡವುತ್ತ ಹೇಳಿದೆ. ಪಕ್ಕದಲ್ಲಿ ಅತ್ತೆ ಇದ್ದರು. ಕನ್ನಡದಲ್ಲಿ ನೀವು ಹೇಳಿ ಅನ್ನಬಹುದಿತ್ತು. ನನಗೆ ತೋಚಲಿಲ್ಲ ಅಂದರೆ ಅರ್ಧ ಸತ್ಯ. ತೋಚಿತ್ತು, ಆದರೆ ಇಷ್ಟು ಜನರ ಮುಂದೆ ನಾಚಿಕೆಯಾಯಿತು.

ಬುಧವಾರ ಸಂಜೆ ಆರಕ್ಕೇ ಅತ್ತೆ ಸ್ವರೂಪದ ಮುಂದೆ ದೀಪ ಹಚ್ಚಿ ಕೂತರು. ನಮ್ಮೂರಲ್ಲಿ ಮಾತೆಯನ್ನು ಬರಮಾಡಿಕೊಳ್ಳುವ ಮನೆಯವರು ದೀಪ ಹೂವು ಹಿಡಿದು ಕರೆಯಲು ಬರುತ್ತಾರೆ. ಕೊಡುವ ಮನೆಯವರು ಹೊಸ್ತಿಲಲ್ಲಿ ನಿಂತು ಕಳಿಸಿಕೊಡುತ್ತಾರೆ. ಕರೆಯುವ ಮೊದಲೇ ಎತ್ತಿಕೊಂಡು ಹೊರಟರೆ ಬಂದ ನೆಂಟರನ್ನು ತಾವೇ ಹೊರಗೆ ಹಾಕಿದಂತೆ. ಲಿಸ್ಟಿನಲ್ಲಿ ಬುಧವಾರ ಓಲ್ಗಾ, ಕುರ್ಚಿ ಇವೆ, ಚಾಪೆ ಬೇಡ ಅಂತ ಮಾತ್ರ ಇತ್ತು. ಯಾರು ತರುವುದು ಅಂತ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ?

"ಅತ್ತಿ, ನಾವ ಒಯ್ದ ಕೊಡಬೇಕೇನೋ" ಅಂದೆ.

"ಕರಿಯಾಕ ಬರದ ಮನಿಗೆ ತಾಯಿನ್ನ ಹೊತ್ಕೊಂಡ ಹೋಗಿ ಬಾಗಲಾ ಬಡೀತೀಯೇನ? ಬರ್ತಾರ, ಕುಂದರು."

ಫಿಲೋಮಿನಾ ಆಂಟಿಗೆ ಒಂದು ಫೋನ್ ಮಾಡಿದ್ದರೆ ಮುಗಿದಿತ್ತು. ಆದರೆ ಚಪ್ಪಲಿಯ ಸಂಗತಿ ಆಗಲೇ ನಗೆಯ ಮಾತಾಗಿತ್ತು, ಮತ್ತೆ ಏನೂ ತಿಳಿಯದವಳು ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಗಂಡನಿಗೆ ರಾತ್ರಿ ಪಾಳಿ, ಕಾಯುತ್ತ ನಾವಿಬ್ಬರೇ ಜಪಸರ ಶುರು ಮಾಡಿದೆವು. ಪ್ರಾರ್ಥನೆಯ ಹೊತ್ತಿಗೆ ಫೋನ್ ಸದ್ದಿಲ್ಲದಂತೆ ಇಡುವುದು ಮಾವನ ಕಟ್ಟಳೆ, ಹಾಗೇ ಇಟ್ಟೆ. ಯಾರೂ ಬರಲಿಲ್ಲ. ಫೋನನ್ನು ಮತ್ತೆ ಕೈಗೆ ತೆಗೆದುಕೊಂಡದ್ದು ಮಾರನೆಯ ಬೆಳಿಗ್ಗೆ. ಹನ್ನೊಂದು ಮಿಸ್ಡ್ ಕಾಲ್ ಇದ್ದವು.

ಫಿಲೋಮಿನಾ ಆಂಟಿಗೆ ಫೋನ್ ಮಾಡಿದೆ. "ಎಂತ ಮಾಡಿದಿ ಮಾರಾಯ್ತಿ" ಅಂದರು. "ಕೊಡುವವರೇ ತಂದು ಕೊಡ್ಲಿಕ್ಕೆ ಅಲ್ವಾ ಇಲ್ಲಿ? ಮೂವತ್ತು ಜನ ಕಾದದ್ದು ಗೊತ್ತುಂಟಾ? ನಿನ್ನೆ ಓಲ್ಗಾನ ಗಂಡ ಹೋಗಿ ಒಂದು ವರ್ಷ. ಅದಕ್ಕೇ ಆ ದಿನ ಕೇಳಿ ತಗೊಂಡದ್ದು ಅವಳು. ಕಡೆಗೆ ಖಾಲಿ ಸ್ಟೂಲಿಗೆ ಹೂ ಹಾಕಿ ಪ್ರಾರ್ಥನೆ ಮುಗಿಸಿದ್ದು. ಯಾರನ್ನಾದರೂ ನಿಮ್ಮಲ್ಲಿಗೆ ಕಳಿಸುವ ಅಂದದ್ದಕ್ಕೆ ಅವಳೇ ಬೇಡ ಅಂದದ್ದು."

ತಪ್ಪು ನನ್ನದೂ ಇತ್ತು, ಆದರೆ ಸಿಟ್ಟು ಹೋದದ್ದು ಅತ್ತೆಯ ಮೇಲೆ. "ಊರ ಪದ್ಧತಿ ಊರಾಗ ಬಿಟ್ಟ ಬರ್ರಿ ಅಂದ್ರ ಕೇಳೂದಿಲ್ಲ ನೀವು. ಈಗ ಆ ಹೆಣ್ಣಮಗಳ ಮುಖಾ ಹ್ಯಾಂಗ ನೋಡ್ಲಿ ನಾ?"

ಅತ್ತೆ ಸ್ವರೂಪದ ಮುಂದಿನ ಬಾಡಿದ ಹೂ ತೆಗೆದಿಟ್ಟರು. "ಊರ ಬಿಟ್ಟೀನಿ. ಮನೀ ಬಿಟ್ಟೀನಿ. ಅದೊಂದ ಪದ್ಧತಿ ಉಳದಿತ್ತು" ಅಂದರು. "ಗದಗಿಗೆ ಟಿಕೀಟ್ ತಗಿಸು."

ಆಮೇಲೆ ಎದ್ದು ಮುಖ ತೊಳೆದು, ಸೆರಗು ಹೊದ್ದು, ಸ್ವರೂಪವನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿ ಹಿಡಿದುಕೊಂಡರು. ಎಲ್ಲಿಗೆ ಅಂದೆ. ಅವರ ಮನೆ ತೋರಿಸು ಅಂದರು. ಹಾಲಿನವನು, ತರಕಾರಿ ಗಾಡಿ, ಸ್ಕೂಲ್ ಬಸ್ಸು ಇವೆಲ್ಲದರ ನಡುವೆ ಅರವತ್ತೆಂಟು ವರ್ಷದ ಹೆಂಗಸು ಬರಿಗಾಲಲ್ಲಿ ಸ್ವರೂಪ ಹೊತ್ತು ನಡೆದರು. ಅವರ ಹಿಂದೆ ನಾನು ದಾರಿ ಹೇಳುತ್ತ ನಡೆದೆ.

ಓಲ್ಗಾ ಆಂಟಿ ಬಾಗಿಲು ತೆಗೆದರು. ಒಳಗೆ ಗೋಡೆಗೆ ಒರಗಿಸಿಟ್ಟ ಕುರ್ಚಿಗಳು ಇನ್ನೂ ಹಾಗೇ ಇದ್ದವು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಅತ್ತೆ ಹೊಸ್ತಿಲ ಹೊರಗೇ ನಿಂತು ಹೇಳಿದರು: "ತಪ್ಪಾತವ್ವಾ. ನೀವ ಕರಿಯಾಕ ಬರ್ತೀರಿ ಅಂತ ಕುಂತಿದ್ದೆ. ನಮ್ಮಲ್ಲಿ ಹಂಗ ಐತಿ. ನನ್ನ ಗಂಡನೂ ಹೋದ ವರ್ಷಾನ ಹೋದ, ನಿನ್ನ ಸಂಕಟ ನನಗ ತಿಳೀತೈತಿ."

ನಾನು ಇದನ್ನೆಲ್ಲ ಹಿಂದಿಯಲ್ಲಿ ಹೇಳಿದೆ. ಕರೆಯಲು ಬರುವ ಪದ್ಧತಿಯನ್ನೂ ವಿವರಿಸಿದೆ. ಓಲ್ಗಾ ಆಂಟಿ ಕೇಳಿಸಿಕೊಂಡು ನನ್ನನ್ನಲ್ಲ, ಅತ್ತೆಯನ್ನೇ ನೋಡಿ, "ಯಾ, ಆತ್ ಯಾ" ಅಂದರು. ಬನ್ನಿ, ಒಳಗೆ ಬನ್ನಿ ಅಂತ. ಆದರೆ ಅತ್ತೆ ಅಲ್ಲಾಡಲಿಲ್ಲ. ಆಗ ಓಲ್ಗಾ ಆಂಟಿಗೆ ಏನೋ ಹೊಳೆಯಿತು. ಒಳಗೆ ಹೋಗಿ ಮೇಣದಬತ್ತಿ ಹಚ್ಚಿಕೊಂಡು ಬಂದು, ಹೊಸ್ತಿಲು ದಾಟಿ, ಸ್ವರೂಪದ ಎದುರು ತಲೆ ಬಾಗಿಸಿ ನಿಂತರು. ಅತ್ತೆ ಅವರ ಕೈಗೆ ಸ್ವರೂಪ ಕೊಟ್ಟರು.

ನಾವು ಮೂವರೇ ಕೂತು ಜಪಸರ ಹೇಳಿದೆವು. ಅತ್ತೆ ಪ್ರತಿ ಪ್ರಾರ್ಥನೆಯ ಮೊದಲರ್ಧವನ್ನು ಕನ್ನಡದಲ್ಲಿ ಹೇಳಿದರೆ ಓಲ್ಗಾ ಆಂಟಿ ಉಳಿದರ್ಧವನ್ನು ಮರಾಠಿಯಲ್ಲಿ ಮುಗಿಸುತ್ತಿದ್ದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಶುರು ಮಾಡಬೇಕು ಅಂತ ಇಬ್ಬರಿಗೂ ಯಾರೂ ಹೇಳಿಕೊಡಬೇಕಾಗಲಿಲ್ಲ. ಮುಗಿದ ಮೇಲೆ ನಿನ್ನೆಯದೇ ಕೇಕು ಕೊಟ್ಟರು. ಅತ್ತೆ ಎರಡು ತುಂಡು ತಿಂದರು.

ಅದೇ ವಾರ ಫಿಲೋಮಿನಾ ಆಂಟಿಯ ಲಿಸ್ಟಿನಲ್ಲಿ ಒಂದು ಸಾಲು ಹೆಚ್ಚಾಯಿತು: ಬರಮಾಡಿಕೊಳ್ಳುವ ಮನೆಯವರು ಮೇಣದಬತ್ತಿ ಹಿಡಿದು ಕರೆಯಲು ಹೋಗುವುದು. ಓಲ್ಗಾ ಆಂಟಿ ಹೇಳಿ ಬರೆಸಿದ್ದು. ಕೆಲವರು ಗೊಣಗಿದರು, ಆಫೀಸಿನಿಂದ ಬರುವುದೇ ಏಳಕ್ಕೆ, ಇದೆಲ್ಲ ಯಾರಿಗೆ ಆಗುತ್ತದೆ ಅಂತ. ಆದರೂ ಬಂದರು. ದಿನಾ ಸಂಜೆ ಅತ್ತೆ ಜೊತೆಗೆ ಹೋಗತೊಡಗಿದರು, ನಾಲ್ಕನೆಯ ದಶಕ ಕನ್ನಡದಲ್ಲಿ ಅವರದು ಅಂತ ನಿಗದಿಯಾಯಿತು. ನನ್ನ ಆರು ಚಾಪೆಯಲ್ಲಿ ಎರಡನ್ನು ಅವರೇ ಕಂಕುಳಲ್ಲಿ ಹೊರುತ್ತಿದ್ದರು.

ಟಿಕೀಟಿನ ಮಾತು ಮಾತ್ರ ಅವರು ಬಿಟ್ಟಿರಲಿಲ್ಲ. ನವೆಂಬರ್ ಎರಡು ಸತ್ತವರನ್ನು ನೆನೆಯುವ ದಿನ, ಮಾವನ ಗೋರಿಗೆ ದೀಪ ಹಚ್ಚಬೇಕು ಅಂದರು. ಹೊರಡುವ ಮುಂಚೆ ಓಲ್ಗಾ ಆಂಟಿ ಅವರನ್ನು ತಮ್ಮ ಗಂಡನ ಗೋರಿಗೆ ಕರೆದುಕೊಂಡು ಹೋದರು. ಇಲ್ಲಿ ಜಾಗ ಸಾಲದು, ಕೆಲವು ವರ್ಷಕ್ಕೆ ಗೋರಿ ತೆಗೆದು ಎಲುಬನ್ನು ಗೋಡೆಯ ಗೂಡಿಗೆ ಹಾಕಿ ಆ ಜಾಗವನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಮುಂಬೈಯಲ್ಲಿ ಸತ್ತವರಿಗೂ ಬಾಡಿಗೆ ಮನೆಯೇ. ಅತ್ತೆ ಅದನ್ನು ಕೇಳಿ ಬಂದು ಬಟ್ಟೆ ಮಡಚಿ ಚೀಲಕ್ಕೆ ಹಾಕತೊಡಗಿದರು. ಬರುವ ಟಿಕೀಟು ಯಾವತ್ತಿಗೆ ಅಂತ ಮಗ ಕೇಳಿದ್ದಕ್ಕೆ, ಆಮ್ಯಾಲೆ ನೋಡೂಣು ಅಂದರು. ಲೋಕಲ್‌ನಲ್ಲಿ ದಾದರ್‌ಗೆ ಹೋಗಿ ರೈಲು ಹತ್ತಿಸಿ ಬಂದವಳು ನಾನು. ಖಾಲಿ ಕುರ್ಚಿ ಕಣ್ಣಿಗೆ ಬೀಳದಿರಲಿ ಎಂದು ಅದರ ಮೇಲೆ ಬಟ್ಟೆ ಒಟ್ಟಿದೆ.

ಎರಡನೆಯ ತಾರೀಕು ಸಂಜೆ ಫೋನ್ ಬಂತು.

"ದೀಪ ಹಚ್ಚಿದ್ರೇನ್ರಿ?" ಅಂದೆ.

"ಹಚ್ಚಿದೆ. ಹೊಸಾ ಉಪದೇಶಿ ಚಲೋ ಹುಡುಗ ಅದಾನ, ಮುಂದ ಕುರ್ಚಿ ಹಾಕಿ ಕುಂದರಿಸಿದ. ಪ್ರಾರ್ಥನಾ ಅವನ ಹೇಂತಿ ಹೇಳಿದಳು. ನನಗ ಯಾರೂ ಹೇಳ ಅನಲಿಲ್ಲ." ಆಮೇಲೆ ಕೇಳಿದರು: "ಅಲ್ಲಿ ನಾಕನೇದ್ದು ಯಾರು ಹೇಳಿದ್ರು?"

"ಯಾರೂ ಇಲ್ಲ. ಜಪಸರ ಅಕ್ಟೋಬರಿಗೇ ಮುಗೀತಲ್ಲ ಅತ್ತಿ."

"ಹೌದಲ್ಲ" ಅಂದರು. "ಬರಾಕ ಟಿಕೀಟ್ ತಗಿಸು. ಮತ್ತ ನಿನ್ನ ಗಂಡಗ ಒಂದ ಮಾತ ಹೇಳಿಡು. ಜೀವ ಇರೂತನಕ ಅಲ್ಲೇ ಇರತೀನಿ. ಸತ್ತ ಮ್ಯಾಲೆ ಇಲ್ಲಿಗೆ ತಂದ ಬಿಡ್ರಿ, ನಿಮ್ಮ ಮಾವನ ಬಾಜೂಕ. ಇಲ್ಲಿ ಯಾರೂ ಏಳಸೂದಿಲ್ಲ."

ಟಿಕೀಟು ತೆಗೆಸಿದೆ. ಅವರ ಲೆಕ್ಕ ಅವರಿಗೆ ಸ್ಪಷ್ಟವಿದೆ, ಎಷ್ಟು ದಿನ ಎಲ್ಲಿ ಅನ್ನುವುದನ್ನು ಎರಡು ಮಾತಿನಲ್ಲಿ ಹಂಚಿಬಿಟ್ಟರು. ಸತ್ತ ಮೇಲೆ ನಿನ್ನನ್ನು ಎಲ್ಲಿಡಬೇಕು ಅಂತ ನನ್ನನ್ನು ಇನ್ನೂ ಯಾರೂ ಕೇಳಿಲ್ಲ. ಕೇಳಿದರೆ ಏನು ಹೇಳಲಿ ಎಂದು ಆ ಸಂಜೆ ಕುರ್ಚಿಯ ಮೇಲಿನ ಬಟ್ಟೆ ಮಡಚುತ್ತ ಯೋಚಿಸಿದೆ. ಬಟ್ಟೆ ಮುಗಿಯಿತು, ಖಾಲಿ ಕುರ್ಚಿಯನ್ನು ಒರೆಸಿ ಕಿಟಕಿಯ ಪಕ್ಕ ಎಳೆದಿಟ್ಟೆ.