ಬಚ್ಚಲ ಒಲೆಯ ಹೊಗೆ

ಹೋದ ಚಳಿಗಾಲದ ಒಂದು ಮುಂಜಾನೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಬಾಗಲಕೋಟೆಯ ದವಾಖಾನೆಯಿಂದ ಅಳಿಯನ ಫೋನು ಬಂತು. ಮಗಳು ಶೈಲಾಗೆ ಹೆಣ್ಣು ಕೂಸು, ಇಬ್ಬರೂ ಆರಾಮ. ಮೊರ ಕೆಳಗಿಟ್ಟು ಬನಶಂಕರಿಗೆ ಕೈ ಮುಗಿದೆ.

ಇಲಕಲ್ಲಿನ ಈ ಮಣ್ಣಿನ ಮಾಳಿಗೆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಲೆಯ ಮುಂದಿನ ಕೆಲಸವೇ ನನ್ನ ನೌಕರಿ. ಚೊಚ್ಚಲ ಬಾಣಂತನ ತವರಿನದು. ಬಾಣಂತಿಗೆ ಎಣ್ಣೆ ಹಚ್ಚಿ ಕೊಡಗಟ್ಟಲೆ ಬಿಸಿನೀರು ಹಾಕಬೇಕು. ನಮ್ಮ ಗೀಸರು ಒಂದು ಬಕೆಟ್ಟಿಗೇ ಸುಸ್ತಾಗುತ್ತದೆ. ಬಚ್ಚಲಿನಲ್ಲಿ ಅತ್ತೆಯವರ ಕಾಲದ ಒಲೆ, ತಾಮ್ರದ ಹಂಡೆ, ಗೋಡೆಯೊಳಗಿನಿಂದ ಮಾಳಿಗೆಯ ಮೇಲಕ್ಕೆ ಏರುವ ಹೊಗೆಗೂಡು ಇದ್ದವು. ಗೀಸರು ಬಂದ ಮೇಲೆ ಆ ಒಲೆಯಲ್ಲಿ ಹಳೆಯ ಡಬ್ಬಿ ತುಂಬಿದ್ದೆವು.

ಡಬ್ಬಿ ತೆಗೆದು, ಕೆಮ್ಮಣ್ಣಿಗೆ ಹೊಟ್ಟು, ಸೆಗಣಿ ಕಲಸಿ ಬಿರುಕು ಮುಚ್ಚಿದೆ. ಹಂಡೆಗೆ ಹುಣಸೆಹಣ್ಣು ತಿಕ್ಕಿದೆ. ಮಣ್ಣು ಒಣಗಿದ ಮೇಲೆ ಹತ್ತಿಕಟ್ಟಿಗೆ ಹಚ್ಚಿದರೆ ಹೊಗೆಯೆಲ್ಲ ಒಲೆಯ ಬಾಯಿಂದಲೇ ಮನೆಯೊಳಗೆ ಬಂತು. ಬಾಣಂತಿಯ ಕೋಣೆ ಬಚ್ಚಲಿನ ಪಕ್ಕದ್ದೇ. ಹುನಗುಂದದಿಂದ ಮನೆ ನೋಡಲು ಬಂದಿದ್ದ ಬೀಗತಿ, ಅಂದರೆ ಶೈಲಾಳ ಅತ್ತೆ, ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಸಿಟ್ಟಾಗಬ್ಯಾಡ್ರಿ, ಬೀಗತ್ಯಾರ. ಈ ಹೊಗ್ಯಾಗ ಹಸುಗೂಸು ಹ್ಯಾಂಗ ಇರ್ತೈತ್ರಿ? ಇಬ್ಬರನ್ನೂ ನಾವ ನಮ್ಮನಿಗೆ ಕರ್ಕೊಂಡು ಹೋಗ್ತೇವಿ."

ಮಾತು ಖರೆಯೇ ಇತ್ತು. "ನಾಳಿ ಸಂಜಿತನಕ ತಡೀರಿ," ಎಂದೆ.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದು, ಒಲೆಯ ಬಾಯಿ ಒಡೆದು, ಇಟ್ಟಿಗೆ ಇಟ್ಟು ಸಣ್ಣದು ಮಾಡಿ ಮತ್ತೆ ಉರಿ ಹಾಕಿದೆ. ಅದೇ ಹೊಗೆ. ಮಗ್ಗದಿಂದ ನಮ್ಮ ಯಜಮಾನರ ದನಿ ಬಂತು: "ಇಷ್ಟು ಜಗಳಾ ತಗದ್ರ ಒಲಿನೂ ಮಾರಿ ತಿರುವ್ತೈತಿ."

"ನೀವ ಬಂದು ರಮಿಸ್ರಿ ಹಂಗಾರ," ಎಂದು ಕಟ್ಟಿಗೆ ತರಲು ಮಾಳಿಗೆ ಹತ್ತಿದೆ. ಬಿಸಿಲು ಇನ್ನೂ ಬಿದ್ದಿರಲಿಲ್ಲ. ಎಲ್ಲ ಬಿಟ್ಟು ಬರೀ ಮಣ್ಣಿನ ಮೇಲೆ ನಮ್ಮ ಬೆಕ್ಕು ಸುರುಳಿ ಸುತ್ತಿ ಮಲಗಿತ್ತು. ಅದನ್ನು ಎಬ್ಬಿಸಿ ಕೈ ಇಟ್ಟೆ. ಸುತ್ತಲಿನ ಮಣ್ಣೂ ಬೆಚ್ಚಗಿತ್ತು.

ನಾನು ಕೂಗಿದ್ದಕ್ಕೆ ಯಜಮಾನರು ಗುದ್ದಲಿ ತಂದು ಅಗೆದರೆ ಕೆಳಗೆ ಕಲ್ಲಿನ ಚಪ್ಪಡಿ. ಅವರು ಹಣೆ ಚಚ್ಚಿಕೊಂಡರು.

"ಹೊಗಿಗೂಡಿನ ಬಾಯಿ ನಾನ ಮುಚ್ಚಿದ್ದೆ ನೋಡ. ಗೀಸರ್ ಬಂದ ವರ್ಷ, ಮಳಿ ಇಳಿತೈತಂತ."

ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮಾಳಿಗೆಗೆ ಸವಳು ಮಣ್ಣು ಹೊದಿಸುತ್ತೇವೆ, ಸೋರುವುದಿಲ್ಲ. ಆ ಮಣ್ಣಿನಡಿ ಚಪ್ಪಡಿ ಹೂತು ಹೋಗಿತ್ತು, ನೆನಪೂ ಹೂತು ಹೋಗಿತ್ತು. ಚಪ್ಪಡಿ ಎತ್ತಿದ ಕೂಡಲೇ ಹೊಗೆ ಅವರ ಮುಖಕ್ಕೇ ಎದ್ದಿತು.

"ಬೆಕ್ಕನ್ನ ಬನಶಂಕರವ್ವನ ಕಳಿಸ್ಯಾಳ," ಎಂದೆ.

"ಬೆಕ್ಕಿಗೆ ಚಳಿ ಆಗಿತ್ತು, ಅಷ್ಟ," ಎಂದರು, ಕೆಮ್ಮುತ್ತ.

ಹೊಗೆ ಬಂದರೆ ಒಲೆಯನ್ನೇ ಒಡೆಯುವ ಬುದ್ಧಿಯನ್ನು ಅಂದೇ ಬಿಟ್ಟೆ. ಈಗ ಮೊದಲು ಮಾಳಿಗೆ ಹತ್ತಿ ನೋಡುತ್ತೇನೆ.

ಸಂಜೆ ಬೀಗತಿ ಬಂದು, ಉರಿಯುವ ಒಲೆಯ ಮುಂದೆ ಬಹಳ ಹೊತ್ತು ಕುಳಿತು ಹೋದರು. ಶೈಲಾಳನ್ನು ದವಾಖಾನೆಯಿಂದ ಬಿಟ್ಟ ದಿನ ಕೂಸನ್ನು ತಾವೇ ಎತ್ತಿಕೊಂಡು ನಮ್ಮ ಹೊಸ್ತಿಲು ದಾಟಿದರು. ಬಾಣಂತಿಯ ನೀರು ಮುಗಿದ ಮೇಲೆ ಬಚ್ಚಲಿಗೆ ಇಣುಕಿ, "ನನಗೂ ಎರಡ ತಂಬಗಿ ಉಳದಾವೇನ್ರಿ? ಮೊಣಕಾಲು ಭಾಳ ಹಿಡದಾವು," ಎಂದರು.

ಹಂಡೆ ಬರಿದಾಗಿತ್ತು. ನೀರು ತುಂಬಲು ಕೊಡ ಎತ್ತಿಕೊಂಡೆ.