ಎತ್ತರದ ಸುದ್ದಿ ತಡವಾದಾಗ

ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂಬ ಚಿಂತೆ ಅವಳಿಗೆ ಕಣ್ಣು ಬಿಡುವ ಮೊದಲೇ ಹತ್ತಿಕೊಳ್ಳುತ್ತಿತ್ತು. ಉಸಿರಾಡುತ್ತಲೇ ಇರುತ್ತಿತ್ತು. ತುಟಿ ಅರೆ ತೆರೆದು, ಒಂದು ಮುಷ್ಟಿಯನ್ನು ಕಿವಿಯ ಪಕ್ಕಕ್ಕೆ ಇಟ್ಟುಕೊಂಡು, ಯಾರ ಹಂಗೂ ಇಲ್ಲದ ಹಾಗೆ ನಿದ್ದೆ ಹೊಡೆಯುತ್ತಿತ್ತು. ಆದರೂ ಅದರ ಮೂಗಿನ ಕೆಳಗೆ ಬೆರಳು ಹಿಡಿದು ನೋಡದೆ ಅವಳಿಗೆ ಸಮಾಧಾನವಿಲ್ಲ. ತಣ್ಣನೆಯ ಬೆರಳು ತಾಗಿ ಮಗು ಬೆಚ್ಚಿಬೀಳುತ್ತಿತ್ತು, ಮುಖ ಕಿವುಚಿಕೊಂಡು ರಾಗ ತೆಗೆಯುತ್ತಿತ್ತು. ಆಗ ಅವಳಿಗೆ ಹೋದ ಜೀವ ಬಂದ ಹಾಗಾಗುತ್ತಿತ್ತು.

“ಎಬ್ಬಿಸಿದ್ಯಾ?” ಎಂದು ಗಂಡ ದಿಂಬಿನೊಳಗಿನಿಂದಲೇ ಕೇಳುತ್ತಿದ್ದ.

“ಇಲ್ಲಪ್ಪ, ಅವಳೇ ಎದ್ಲು.”

“ಹೂಂ. ನಾನೂ ನಾನಾಗೇ ಎದ್ದೆ ಅನ್ಕೊಂಡು ಹಲ್ಲುಜ್ಜೋಕೆ ಹೋಗ್ತೀನಿ.”

ಹೀಗೆ ಕೊರಗುವುದು ಅವಳಿಗೆ ಹೊಸದೇನಲ್ಲ. ಮದುವೆಗೂ ಮೊದಲಿನಿಂದ ಅವಳ ಅನ್ನ ಹುಟ್ಟುತ್ತಿದ್ದುದೇ ಅದರಿಂದ. ವಿಮಾನ ನಿಲ್ದಾಣದ ಹಿಂಬದಿಯಲ್ಲಿ ಸಣ್ಣ ವಿಮಾನಗಳನ್ನು ರಿಪೇರಿ ಮಾಡುವ ಹ್ಯಾಂಗರ್ ಇದೆ. ಅದರ ಮೂಲೆಯಲ್ಲೊಂದು ಗಾಜಿನ ಕೋಣೆ. ಪೈಲಟ್ ಮುಂದಿನ ಮೀಟರುಗಳು, ವಿಮಾನವನ್ನು ತಾವೇ ಸಂಭಾಳಿಸುವ ಆಟೋಪೈಲಟ್ ಪೆಟ್ಟಿಗೆಗಳು ಕೆಟ್ಟರೆ ಬರುವುದು ಆ ಕೋಣೆಗೆ. ಓದು ಮುಗಿಸಿ ಕೆಲಸ ಕೇಳಿಕೊಂಡು ಹೋದ ದಿನ ಅಲ್ಲಿನ ಚೀಫ್ ಎತ್ತರ ತೋರಿಸುವ ಮೀಟರೊಂದನ್ನು ಅವಳ ಕೈಗಿತ್ತು, “ಪರೀಕ್ಷೆ ಮಾಡಾಯ್ತು, ಎಲ್ಲ ಸರಿಯಾಗಿದೆ. ಮುಂದೇನ್ ಮಾಡ್ತೀಯಮ್ಮ?” ಎಂದು ಕೇಳಿದ್ದರು.

“ಇನ್ನೊಂದ್ಸಲ ಮಾಡ್ತೀನಿ ಸರ್.”

“ಆಗ್ಲೂ ಸರಿ ಇದ್ರೆ?”

“ನೀವು ಬೈಯಲ್ಲ ಅಂದ್ರೆ, ಇನ್ನೊಂದ್ಸಲ.”

ಕೆಲಸವೂ ಸಿಕ್ಕಿತು, ಹೆಸರೂ ಅಂಟಿಕೊಂಡಿತು. ಅಂದಿನಿಂದ ಇಡೀ ಹ್ಯಾಂಗರ್‌ಗೆ ಅವಳು ‘ಇನ್ನೊಂದ್ಸಲ’.

ಗಾಜಿನ ಕೋಣೆಯಲ್ಲಿ ಅವಳ ದಿಗಿಲಿಗೆ ಮರ್ಯಾದೆಯಿತ್ತು. ಎತ್ತರದ ಮೀಟರಿನ ಹೊಟ್ಟೆಯಲ್ಲಿ ತೆಳು ಲೋಹದ ಒಂದು ಮುಚ್ಚಿದ ಬಿಲ್ಲೆ. ವಿಮಾನ ಮೇಲೇರಿದಂತೆ ಹೊರಗಿನ ಗಾಳಿ ತೆಳುವಾಗುತ್ತದೆ, ಬಿಲ್ಲೆ ಕೂದಲೆಳೆಯಷ್ಟು ಉಬ್ಬುತ್ತದೆ, ಆ ಉಬ್ಬನ್ನು ಪುಟಾಣಿ ಹಲ್ಲುಚಕ್ರಗಳು ಮುಳ್ಳಿಗೆ ಮುಟ್ಟಿಸುತ್ತವೆ. ಗೈರೊ ಎಂದರೆ ನಮ್ಮ ಬುಗುರಿಯೇ. ವಿಮಾನ ಎತ್ತ ವಾಲಿದರೂ ತಾನು ವಾಲದೆ ಗಿರ್ರನೆ ತಿರುಗುತ್ತ, ಮೋಡದೊಳಗೆ ದಿಕ್ಕೆಟ್ಟ ಪೈಲಟ್‌ಗೆ ನೆಲ ಯಾವ ಕಡೆ, ಆಕಾಶ ಯಾವ ಕಡೆ ಎಂದು ಹೇಳುತ್ತದೆ. ಅಂಥ ಬುಗುರಿಯ ಸದ್ದಿನಲ್ಲಿ ಒಂದು ಎಳೆ ಹೆಚ್ಚುಕಮ್ಮಿಯಾದರೂ ಅವಳ ಕಿವಿ ನಿಮಿರುತ್ತಿತ್ತು. ಅಲ್ಲಿ ಅನುಮಾನ ಪಟ್ಟಷ್ಟೂ ಒಳ್ಳೆಯದು. ಪೆಟ್ಟಿಗೆಯನ್ನು ಹತ್ತು ಸಲ ಬಿಚ್ಚಿದರೂ ಅದು ಅಳುವುದಿಲ್ಲ.

ಮನೆಯಲ್ಲಿ ಅತ್ತೆ ಇದ್ದರು. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಗಂಟಲು ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ. ಅಡುಗೆಮನೆಯಿಂದ ಅವರು “ಯಾರ್ರೀ ಕಾಫಿ” ಎಂದರೆ ಪಕ್ಕದ ಮನೆಯವರೂ ಲೋಟ ಹುಡುಕಬೇಕು. ಸೊಸೆಯ ಕೆಲಸದ ಬಗ್ಗೆ ಅವರಿಗೆ ಭಾರಿ ಕುತೂಹಲ.

“ಅದೇನೇ ಅದು, ತಾನಾಗೇ ಓಡ್ಸೋ ಡಬ್ಬಿ?” ಎಂದು ಒಂದು ದಿನ ಕೇಳಿದ್ದರು.

“ಎಷ್ಟು ಎತ್ತರದಲ್ಲಿ ಹೋಗ್ಬೇಕು ಅಂತ ಪೈಲಟ್ ಹೇಳಿರ್ತಾನೆ ಅತ್ತೆ. ಈಗ ಎಷ್ಟು ಎತ್ತರದಲ್ಲಿದೀವಿ ಅಂತ ಡಬ್ಬಿ ನೋಡ್ತಾನೇ ಇರುತ್ತೆ. ಎರಡಕ್ಕೂ ಚೂರು ವ್ಯತ್ಯಾಸ ಬಂತೋ, ಬಾಲದ ರೆಕ್ಕೆ ತಿರುಗ್ಸೋ ಮೋಟರಿಗೆ ಹೇಳುತ್ತೆ. ಸ್ವಲ್ಪ ಎತ್ತು, ಸಾಕು, ಸ್ವಲ್ಪ ಇಳ್ಸು ಅಂತ.”

“ಓ, ನಿನ್ ಥರ.”

“ನನ್ ಥರ ಹೆಂಗೆ?”

“ಸುಮ್ನೆ ಕೂರೋಕೆ ಬರಲ್ಲ ಅದಕ್ಕೆ.”

ಮಗು ಹುಟ್ಟಿದ ಮೇಲೆ ಆ ಮಾತು ಇನ್ನಷ್ಟು ನಿಜವಾಯಿತು. ಈಗ ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಬರುತ್ತೀಯೋ ಇಲ್ಲವೋ ಎರಡರಲ್ಲಿ ಒಂದು ಹೇಳಿಬಿಡು, ಇಲ್ಲದಿದ್ದರೆ ನಿನ್ನ ಬೆಂಚಿಗೆ ಬೇರೆಯವರನ್ನು ಕೂರಿಸಬೇಕಾಗುತ್ತದೆ ಎಂದು ಚೀಫ್ ಮೆತ್ತಗೆ ಹೇಳಿದ್ದರು. ಕೊಟ್ಟ ಗಡುವು ಇವತ್ತಿನ ಸಂಜೆ. ಅವಳಿಗೆ ಆ ಬೆಂಚು ಬೇಕು. ಬಿಸಿಯಾದ ತಂತಿಯ ವಾಸನೆ, ಬುಗುರಿಯ ಸದ್ದು, ಕೊನೆಯಲ್ಲಿ ‘ಸರಿ ಇದೆ’ ಎಂದು ಸಹಿ ಹಾಕುವಾಗಿನ ಗತ್ತು, ಎಲ್ಲವೂ ಬೇಕು. ಆದರೆ ಮಗುವನ್ನು ಬಿಟ್ಟು ಹೋಗಲು ಮನಸ್ಸು ಬಾರದು. ಫೋನ್ ಎತ್ತುವುದು, ಇಡುವುದು, ಇದೇ ಆಗಿತ್ತು.

ಬೆಳಿಗ್ಗೆ ಚೀಫೇ ಫೋನ್ ಮಾಡಿದರು.

“ಕೆಲಸಕ್ಕೆ ಬಾ ಅಂತ ಕರೀತಿಲ್ಲ. ಒಂದು ವಿಮಾನ ತಲೆ ತಿಂತಾ ಇದೆ. ಆಟೋಪೈಲಟ್ ಹಾಕಿದ ತಕ್ಷಣ ಉಯ್ಯಾಲೆ ಆಡುತ್ತೆ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಕೂತವರೆಲ್ಲ ವಾಂತಿ. ಪೆಟ್ಟಿಗೆ ಬದಲಾಯ್ಸಿದ್ವಿ, ಮೋಟರ್ ಬದಲಾಯ್ಸಿದ್ವಿ, ಜಪ್ಪಯ್ಯ ಅಂದ್ರೂ ಜಗ್ಗಲ್ಲ. ಸುಮ್ನೆ ಬಂದು ಒಂದ್ಸಲ ನೋಡು.”

“ಒಂದೇ ಸಲನಾ ಸರ್?”

“ಒಂದ್ಸಲ ಅಂತ ನಿನಗೆ ಹೇಳಿದ್ನಲ್ಲ, ನನ್ನ ತಪ್ಪು,” ಎಂದು ಅವರು ನಕ್ಕರು.

ಅತ್ತೆ ಆಗಲೇ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವಳು ಹಾಲಿನ ಬಿಸಿ, ಕಿಟಕಿಯ ಗಾಳಿ, ಎಡಮಗ್ಗುಲು, ಬಲಮಗ್ಗುಲು ಎಲ್ಲ ಹೇಳಿದಳು. ಹೇಳಿದ್ದನ್ನೇ ಮತ್ತೆ ಹೇಳಿದಳು. ಕೊನೆಗೆ, “ಅತ್ತೆ, ವಿಮಾನದಲ್ಲಿ ಒಬ್ಬರು ಇನ್ನೊಬ್ಬರಿಗೆ ಓಡ್ಸೋಕೆ ಕೊಡುವಾಗ ಬಾಯಿಬಿಟ್ಟು ಹೇಳ್ಲೇಬೇಕು. ‘ನಿಮ್ಮ ಕೈಗೆ’ ಅಂತ ಇವರು. ‘ನನ್ನ ಕೈಗೆ ಬಂತು’ ಅಂತ ಅವರು. ಆಮೇಲೇನೇ ಕೈ ಬಿಡೋದು. ಇಲ್ದಿದ್ರೆ ಅವರು ಹಿಡಿದಿದಾರೆ ಅಂತ ಇವರು, ಇವರು ಹಿಡಿದಿದಾರೆ ಅಂತ ಅವರು” ಎಂದಳು.

“ಸರಿ, ಹೇಳು ಮತ್ತೆ.”

“ನಿಮ್ಮ ಕೈಗೆ ಅತ್ತೆ.”

“ನನ್ನ ಕೈಗೆ ಬಂತು. ಈಗ ಅವಳ ಕಾಲು ಬಿಡು.”

ಅವಳು ನೋಡಿಕೊಂಡಳು. ಮಗುವಿನ ಹಿಮ್ಮಡಿ ಅವಳ ಮುಷ್ಟಿಯಲ್ಲೇ ಇತ್ತು.

“ರೈಟ್,” ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಕೂಗಿದರು. ಬಸ್ಸಾಗಿದ್ದರೆ ಹೊರಟೇಬಿಡುತ್ತಿತ್ತು.

ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ಫೋನ್ ಮಾಡಿದಳು. ಮಗು ಆಡುತ್ತಿತ್ತು. ಹ್ಯಾಂಗರ್ ಗೇಟಿನಲ್ಲಿ ಮತ್ತೆ ಮಾಡಿದಳು. ಆಗ ತಾನೇ ಕಣ್ಣು ಮುಚ್ಚಿದ್ದ ಮಗು ಫೋನಿನ ಸದ್ದಿಗೆ ಎದ್ದು ಅಳತೊಡಗಿತು.

ವಿಮಾನ ಹ್ಯಾಂಗರಿನ ನಡುವೆ ತಪ್ಪು ಮಾಡಿದ ಮಗುವಿನಂತೆ ಸುಮ್ಮನೆ ನಿಂತಿತ್ತು. ಹೊಟ್ಟೆಯ ತಗಡು ಬಿಚ್ಚಿತ್ತು. ಈಚೆಗೆ ಅದಕ್ಕೆ ಹೊಸ ರೇಡಿಯೊ ಕೂರಿಸಿದ್ದ ರೇಡಿಯೊ ಮೆಕ್ಯಾನಿಕ್ ಪಕ್ಕದಲ್ಲಿ ಟೀ ಕುಡಿಯುತ್ತಿದ್ದ.

“ಬಂದ್ಲಪ್ಪ ಇನ್ನೊಂದ್ಸಲ. ಇನ್ನು ಸಂಜೆ ತನಕ ಈ ವಿಮಾನಕ್ಕೆ ಮೋಕ್ಷ ಇಲ್ಲ.”

“ನಿನ್ ಟೀಗೂ ಇಲ್ಲ. ಆ ಪಂಪ್ ಎಳ್ಕೊಂಡ್ ಬಾ ಇಲ್ಲಿ.”

ವಿಮಾನದ ಪಕ್ಕೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಹೊರಗಿನ ಗಾಳಿಯ ಒತ್ತಡ ಅಲ್ಲಿಂದ ಕೊಳವೆಗಳಲ್ಲಿ ಹಾದು ಪೈಲಟ್‌ನ ಮೀಟರನ್ನೂ ಆಟೋಪೈಲಟ್ ಪೆಟ್ಟಿಗೆಯನ್ನೂ ಮುಟ್ಟುತ್ತದೆ. ಎತ್ತರದ ಸುದ್ದಿ ಬರುವ ದಾರಿ ಅದೊಂದೇ. ಆ ರಂಧ್ರಕ್ಕೆ ಪಂಪ್ ಕಟ್ಟಿ ಗಾಳಿ ಹೀರಿದರೆ, ನೆಲದ ಮೇಲೆ ನಿಂತ ವಿಮಾನವೂ ತಾನು ಮೇಲೇರುತ್ತಿದ್ದೇನೆಂದು ನಂಬುತ್ತದೆ. ಅವಳು ಹೀರಿಸಿದಳು. ನಿಲ್ಲಿಸಿದಳು. ಮುಳ್ಳು ಸ್ಥಿರವಾದ ಮೇಲೆ ಎರಡೂ ಕಡೆಯ ಲೆಕ್ಕ ನೋಡಿದಳು. ಪೈಲಟ್‌ನ ಮೀಟರೂ ಪೆಟ್ಟಿಗೆಯೂ ಒಂದೇ ಮಾತು ಹೇಳುತ್ತಿದ್ದವು. ಎಲ್ಲ ಸರಿ.

ಎಲ್ಲ ಸರಿ ಎಂದರೆ ಅವಳಿಗೆ ಆಗದು. ಪೈಲಟ್ ಸೀಟಿನ ಕೆಳಗೆ ಅಂಗಾತ ಮಲಗಿ ತಂತಿಗಳ ಕಾಡನ್ನು ನೋಡುತ್ತಿದ್ದಾಗ ಕೈ ತಾನಾಗಿ ಜೇಬಿಗೆ ಹೋಯಿತು.

“ಅತ್ತೆ, ಮಲಗಿದ್ಲಾ?”

“ಮಲಗಿದ್ಲು.”

“ಮಲಗಿದ್ಲು ಅಂದ್ರೆ?”

“ಅಂದ್ರೆ ನೀನು ಈ ಫೋನ್ ಬಡಿಯೋ ತನಕ ಮಲಗಿದ್ಲು. ಈಗ ಎದ್ದು ಸಂಗೀತ ಕಚೇರಿ ಶುರು ಮಾಡಿದಾಳೆ. ಕೇಳ್ತಾ ಇದ್ಯಾ?”

ಚೆನ್ನಾಗಿಯೇ ಕೇಳುತ್ತಿತ್ತು. “ಹೊಟ್ಟೆನೋವೇನೋ ಅತ್ತೆ. ಭುಜದ ಮೇಲೆ ಹಾಕ್ಕೊಂಡು ಬೆನ್ನು ತಟ್ಟಿ, ಮೆಲ್ಲಗೆ...”

“ಇಲ್ಲಿ ಕೇಳು ಸ್ವಲ್ಪ. ನೀನು ಕೇಳ್ತೀಯ, ನಾನು ಹೇಳ್ತೀನಿ, ನೀನು ಅಲ್ಲಿ ಕೂತು ಯೋಚ್ನೆ ಮಾಡಿ ಅದಕ್ಕೊಂದು ಮದ್ದು ಹೇಳ್ತೀಯ. ಅಷ್ಟ್ರಲ್ಲಿ ಇಲ್ಲಿ ಅಳು ನಿಂತು ನಗು ಶುರುವಾಗಿರುತ್ತೆ. ನಗ್ತಿರೋ ಮಗೂನ ಹಿಡ್ಕೊಂಡು ಬೆನ್ನು ಬಡಿದ್ರೆ ಅದು ಮತ್ತೆ ಅಳುತ್ತೆ. ನಿನಗೆ ಸಿಗೋದೆಲ್ಲ ಹಳೇ ಸುದ್ದಿ ಕಣಮ್ಮ.”

ನಿಜವಾಗಿಯೂ ಅಳು ನಿಂತಿತ್ತು. ಅದರ ಜಾಗದಲ್ಲಿ ಕುಲುಕುಲು ನಗು. ಅವಳು ಟಾರ್ಚ್ ಹಿಡಿದ ಕೈಯನ್ನು ಹಾಗೆಯೇ ಗಾಳಿಯಲ್ಲಿ ಬಿಟ್ಟು ಮಲಗಿದ್ದಳು. ಹಳೇ ಸುದ್ದಿ.

“ಅತ್ತೆ, ಇನ್ನೊಂದ್ಸಲ ಹೇಳಿ.”

“ಯಾವುದನ್ನ?”

“ಬೇಡ ಬಿಡಿ, ಹೊಳೀತು.”

“ಏನೇ ಹೊಳೆದಿದ್ದು?” ಎಂದು ಅತ್ತೆ ಕೇಳುವಷ್ಟರಲ್ಲಿ ಫೋನ್ ಜೇಬು ಸೇರಿತ್ತು.

ಅವಳು ಹೊರಗೆ ತೆವಳಿ ಬಂದು ರೇಡಿಯೊ ಮೆಕ್ಯಾನಿಕ್‌ನನ್ನು ಪಂಪಿನ ಮುಂದೆ ಕೂರಿಸಿದಳು. “ಮತ್ತೆ ಹೀರು. ನಿಲ್ಲೋ ತನಕ ಕಾಯ್ಬೇಡ. ಏರಿಸ್ತಾ, ಇಳಿಸ್ತಾ ಇರು.” ಈ ಸಲ ಅವಳು ನೋಡಿದ್ದು ಮುಳ್ಳು ಎಲ್ಲಿಗೆ ತಲುಪಿತೆಂದಲ್ಲ, ಹೇಗೆ ಹೋಯಿತೆಂದು. ಪೈಲಟ್‌ನ ಮುಳ್ಳು ಪಂಪಿನ ಜೊತೆಗೇ ಓಡಿತು. ಪೆಟ್ಟಿಗೆಯ ಲೆಕ್ಕ ಮಾತ್ರ ಸೋಮಾರಿಯಂತೆ ಹಿಂದೆ ಹಿಂದೆ ಬರುತ್ತಿತ್ತು. ಪಂಪ್ ಇಳಿಸತೊಡಗಿದರೂ ಪೆಟ್ಟಿಗೆ ಇನ್ನೂ ಏರುತ್ತಲೇ ಇತ್ತು. ಪಂಪ್ ನಿಂತರೆ ಪೆಟ್ಟಿಗೆಯೂ ಮೆಲ್ಲಗೆ ಬಂದು ಸೇರುತ್ತಿತ್ತು. ನಿಂತ ಮೇಲೆ ನೋಡಿದವರಿಗೆಲ್ಲ ಎರಡೂ ಒಂದೇ ಆಗಿ ಕಂಡದ್ದು ಅದಕ್ಕೇ.

“ಪೆಟ್ಟಿಗೆದು ಏನೂ ತಪ್ಪಿಲ್ಲ ಸರ್,” ಎಂದಳು ಚೀಫ್‌ಗೆ. “ಅದಕ್ಕೆ ಸುದ್ದಿ ತಡವಾಗಿ ಬರ್ತಾ ಇದೆ. ವಿಮಾನ ಸರಿಯಾದ ಎತ್ತರಕ್ಕೆ ಬಂದಾಗಿರುತ್ತೆ, ಇದಕ್ಕೆ ಮಾತ್ರ ಇನ್ನೂ ಕೆಳಗಿದೀವಿ ಅನ್ನೋ ಸುದ್ದಿ. ಪಾಪ, ಎತ್ತು ಅನ್ನುತ್ತೆ. ಮೇಲೆ ಹೋದ್ಮೇಲೆ ಗಾಬರಿಯಾಗಿ ಇಳ್ಸು ಅನ್ನುತ್ತೆ. ಒಳ್ಳೇದು ಮಾಡೋಕೆ ಹೋಗಿ ಇದೇ ಉಯ್ಯಾಲೆ ತೂಗ್ತಾ ಇದೆ.”

ಪೆಟ್ಟಿಗೆಗೆ ಹೋಗುವ ಮೆತ್ತನೆಯ ಕೊಳವೆಯ ಮೇಲೆ ಬೆರಳಾಡಿಸುತ್ತ ಹೋದರೆ, ಹೊಸ ರೇಡಿಯೊ ಹಿಂದೆ ಸಿಕ್ಕಿತು. ರೇಡಿಯೊ ತಂತಿಗಳನ್ನು ಕಟ್ಟಿದ ಪಟ್ಟಿ ಕೊಳವೆಯನ್ನೂ ಸೇರಿಸಿ ಬಿಗಿದಿತ್ತು. ಕೊಳವೆ ಪೂರ್ತಿ ಮುಚ್ಚಿರಲಿಲ್ಲ, ಅಮುಕಿಹೋಗಿ ಎಳೆಯಷ್ಟು ಜಾಗ ಉಳಿದಿತ್ತು. ಗಾಳಿ ಅದರಲ್ಲಿ ನುಸುಳಿ ಬರುವಷ್ಟರಲ್ಲಿ ಸುದ್ದಿ ಹಳಸುತ್ತಿತ್ತು.

ರೇಡಿಯೊ ಮೆಕ್ಯಾನಿಕ್ ಕೆಂಪಾದ. “ಅಲ್ಲಾಡದೇ ಇರ್ಲಿ ಅಂತ ಚೂರು ಬಿಗಿಯಾಗಿ ಕಟ್ದೆ ಅಷ್ಟೆ.”

“ಗೊತ್ತು ಬಿಡು,” ಎಂದಳು. ಬೈಯಲು ಅವಳಿಗೆ ಬಾಯಿ ಬರಲಿಲ್ಲ. ಬೆಳಿಗ್ಗೆ ಹಿಡಿದಿದ್ದ ಹಿಮ್ಮಡಿಯ ಬಿಸುಪು ಅಂಗೈಯಲ್ಲಿ ಇನ್ನೂ ಇತ್ತು. ಪಟ್ಟಿ ಕತ್ತರಿಸಿ, ಕೊಳವೆಯ ಆ ತುಂಡನ್ನು ಬದಲಿಸಿ, ಎಲ್ಲಾದರೂ ಗಾಳಿ ಸೋರುತ್ತದೆಯೋ ಎಂದು ಪರೀಕ್ಷಿಸಿದಳು. ಆಮೇಲೆ, ಇಡೀ ಹ್ಯಾಂಗರ್ ಒಟ್ಟಿಗೆ “ಇನ್ನೊಂದ್ಸಲ” ಎಂದು ಕೂಗಿದಾಗ, ಇನ್ನೊಂದು ಸಲ ಪರೀಕ್ಷಿಸಿದಳು.

ಮಧ್ಯಾಹ್ನ ಪೈಲಟ್ ಹಾರಿಸಿ ನೋಡುತ್ತಾನೆ ಎಂದರು ಚೀಫ್. ಕೆಲಸದ ಮಾತು ಎತ್ತಲಿಲ್ಲ. ಗೇಟಿನವರೆಗೆ ಬಂದು, “ಸಂಜೆ ತನಕ ನನ್ನ ಫೋನ್ ಆನ್ ಇರುತ್ತೆ” ಎಂದಷ್ಟೇ ಹೇಳಿದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಫೋನನ್ನು ಚೀಲದ ತಳಕ್ಕೆ ತಳ್ಳಿ, ಅದರ ಮೇಲೆ ನೀರಿನ ಬಾಟಲಿಯನ್ನೂ ಛತ್ರಿಯನ್ನೂ ಇಟ್ಟಳು. ಕೈಗಳು ತೊಡೆಯ ಮೇಲೆ ಚಡಪಡಿಸಿದವು. ಚಡಪಡಿಸಲಿ ಎಂದು ಬಿಟ್ಟಳು.

ಮನೆಯ ಗೇಟು ತೆರೆಯುವಾಗಲೇ ಒಳಗಿಂದ ಸೀಟಿ ಕೇಳಿಸಿತು. ಬೆಲ್ ಒತ್ತಲು ಹೋದ ಬೆರಳನ್ನು ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡು ಕಿಟಕಿಯಲ್ಲಿ ಇಣುಕಿದಳು.

ಹಾಲ್‌ನ ನಡುವೆ ಬಟ್ಟೆ ಒಗೆಯುವ ದೊಡ್ಡ ಟಬ್ಬು. ಅದರೊಳಗೆ ದಿಂಬುಗಳ ನಡುವೆ ಮಗು ಮಹಾರಾಣಿಯಂತೆ ಕೂತಿತ್ತು. ಅತ್ತೆ ತಮ್ಮ ಹಳೆಯ ಚರ್ಮದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಟಬ್ಬನ್ನು ನೆಲದ ಮೇಲೆ ಎಳೆಯುತ್ತಿದ್ದರು.

“ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ, ಒಳಗೆ ಬೇಕಾದಷ್ಟು ಜಾಗ ಇದೆ. ಚಿಲ್ಲರೆ ಕೊಡಮ್ಮ ತಾಯಿ. ಏನು, ಪಾಸಾ? ಎಲ್ಲಿ ತೋರ್ಸು. ಇದು ಪಾಸಲ್ಲ, ನಿನ್ ಹೊಕ್ಕಳು.”

ಮಗು ಕೇಕೆ ಹಾಕಿ ನಕ್ಕು ದಿಂಬಿನ ಮೇಲೆ ಪಕ್ಕಕ್ಕೆ ವಾಲಿತು. ಕಿಟಕಿಯ ಹೊರಗೆ ಅವಳ ಎರಡೂ ಕೈಗಳು ತಾವಾಗಿ ಮುಂದಕ್ಕೆ ಚಾಚಿಕೊಂಡವು. ಅತ್ತೆ ಅಲುಗಲಿಲ್ಲ. ಮಗು ಒಂದು ಗಳಿಗೆ ಹಾಗೆಯೇ ವಾಲಿಕೊಂಡಿದ್ದು, ಯೋಚಿಸಿ, ಟಬ್ಬಿನ ಅಂಚು ಹಿಡಿದು, ತಾನೇ ನೆಟ್ಟಗೆ ಕೂತಿತು. ಅತ್ತೆ ಸೀಟಿ ಊದಿದರು. ಬಸ್ಸು ಹೊರಟಿತು.

ಅವಳು ಚಾಚಿದ ಕೈಗಳನ್ನು ನೋಡಿಕೊಂಡಳು. ಪಕ್ಕದ ಮನೆಯವರು ಕಂಡರೆ ಏನೆಂದುಕೊಂಡಾರು ಎನಿಸಿ ನಗು ಬಂತು. ಮೆಲ್ಲಗೆ ಮೆಟ್ಟಿಲ ಮೇಲೆ ಕೂತು ಛತ್ರಿಯನ್ನೂ ಬಾಟಲಿಯನ್ನೂ ಹೊರತೆಗೆದು, ಚೀಲದ ತಳದಿಂದ ಫೋನ್ ಎತ್ತಿದಳು. ಪಟ್ಟಿಯಲ್ಲಿ ಮನೆಯ ನಂಬರನ್ನು ದಾಟಿ ಕೆಳಗೆ ಹೋಗಿ ಚೀಫ್ ನಂಬರ್ ಒತ್ತಿದಳು.

“ನಾನೇ ಮಾಡೋಣ ಅಂತಿದ್ದೆ,” ಎಂದರು ಚೀಫ್. ಹಿಂದೆ ಇಂಜಿನ್ನಿನ ಸದ್ದು ಮೊರೆಯುತ್ತಿತ್ತು. “ಪೈಲಟ್ ಈಗಷ್ಟೇ ಇಳಿದ. ಲೋಟದಲ್ಲಿ ನೀರು ಇಟ್ಟು ಕೂತಿದ್ನಂತೆ, ತುಳುಕಲೇ ಇಲ್ವಂತೆ. ಹೇಳಮ್ಮ, ಏನ್ ಫೋನ್ ಮಾಡಿದ್ದು?”

“ಸರ್, ನಾಳೆಯಿಂದ ಬರ್ತೀನಿ.”

“ಏನಂದೆ? ಇಲ್ಲಿ ಒಂದೂ ಕೇಳ್ತಿಲ್ಲ. ಇನ್ನೊಂದ್ಸಲ ಹೇಳು.”

ಒಳಗೆ ಬಸ್ಸು ಅಡುಗೆಮನೆಯ ಸ್ಟಾಪಿನಲ್ಲಿ ನಿಂತಿತ್ತು.

“ಇಲ್ಲ ಸರ್,” ಎಂದಳು, “ಇದನ್ನ ಒಂದೇ ಸಲ ಹೇಳೋದು.”